ಪೆಟ್ಟಿಗೆ ಗೋಡೆ ಮೇಲೆ, ಬೀಗದ ಕೈ ಶಿವಮೊಗ್ಗದಲ್ಲಿ

ಒಂದು ಖೇಣಿ ಮನೆಯ, ಅಂದರೆ ತೋಟಗಳ ಫಸಲು ಗುತ್ತಿಗೆ ಹಿಡಿದು ಅಡಿಕೆ ಸುಲಿದು ಬೇಯಿಸುವ ಮನೆಯ, ಕಥೆಯಿಂದ ಶುರು ಮಾಡುತ್ತೇನೆ. ಊರಿನ ಹೆಸರು ಬೇಡ, ತೀರ್ಥಹಳ್ಳಿ ಸೀಮೆ ಅಂದರೆ ಸಾಕು. ಕೊಯ್ಲಿನ ಕಾಲ, ರಾತ್ರಿ ಎಂಟೂವರೆ ಇರಬೇಕು. ನಾನು ಅಲ್ಲಿ ಲೆಕ್ಕ ಬರೆಯುತ್ತಿದ್ದೆ. ಹೊರಗೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಒಳಗೆ ಸುಲಿಯುವ ಮೆಷಿನ್ ಓಡುತ್ತಿತ್ತು. ಸಿಕ್ಕಿಕೊಂಡ ಸಿಪ್ಪೆ ತೆಗೆಯಲು ಹುಡುಗನೊಬ್ಬ ಮೆಷಿನ್ ನಿಲ್ಲಿಸದೆಯೇ ಕೈ ಹಾಕಿದ. ತೋರುಬೆರಳಿನ ತುದಿ ಹೋಯಿತು.

ಗೋಡೆ ಮೇಲೆ ಬಿಳಿ ಪೆಟ್ಟಿಗೆ ಇತ್ತು. ಅದಕ್ಕೆ ಬೀಗ ಇತ್ತು. ಬೀಗದ ಕೈ ಮೇಸ್ತ್ರಿ ಜೇಬಲ್ಲಿ, ಮೇಸ್ತ್ರಿ ಶಿವಮೊಗ್ಗದಲ್ಲಿ. ಒಬ್ಬರು ಅರಿಶಿನ ತಂದರು, ಇನ್ನೊಬ್ಬರು ಕಾಫಿ ಪುಡಿ ತಂದರು, ಮೂರನೆಯವರು ಎರಡೂ ಬೇಡ ಸುಣ್ಣ ಹಚ್ಚಿ ಅಂದರು. ನಾನು ಹೆಗಲ ಮೇಲಿದ್ದ ಟವೆಲ್ ಕೊಟ್ಟು ಒತ್ತಿ ಹಿಡಿ ಅಂದೆ, ಅಷ್ಟೇ ನನಗೆ ಗೊತ್ತಿದ್ದದ್ದು. ಅಷ್ಟರಲ್ಲಿ ಯಾರೋ ಕತ್ತಿಯಿಂದ ಪೆಟ್ಟಿಗೆಯ ಬೀಗ ಮೀಟಿದರು. ಒಳಗೆ ಜ್ವರದ ಮಾತ್ರೆಯ ಅರ್ಧ ಪಟ್ಟಿ, ಒಂದು ಬಾಮ್, ಒಣಗಿ ಅಂಟಾದ ಟಿಂಚರ್, ಸ್ಟೇಪ್ಲರ್, ಹೋದ ವರ್ಷದ ತೂಕದ ಚೀಟಿಗಳು. ಬ್ಯಾಂಡೇಜ್ ಬಟ್ಟೆ ಒಂದು ಗೇಣೂ ಇರಲಿಲ್ಲ.

ಜೀಪಿನ ಡ್ರೈವರ್ ಊಟಕ್ಕೆ ಹೋಗಿದ್ದ. ಅವನನ್ನು ಕರೆದು ತಂದು, ಹೊರಟು, ಅರ್ಧ ದಾರಿ ಸಾಗಿದ ಮೇಲೆ ಆ ಹುಡುಗನೇ ಕೇಳಿದ: "ತುಂಡು ಎಲ್ಲಿ?" ತುಂಡು ಸಿಪ್ಪೆ ರಾಶಿಯಲ್ಲಿ ಉಳಿದಿತ್ತು.

ಇಷ್ಟಾದ ಮೇಲೆ ಮಾಲೀಕರು ಏನು ಮಾಡಿದರು ಗೊತ್ತಾ? ಹೊಸ ಪೆಟ್ಟಿಗೆ ತಂದರು. ಮೊದಲಿನದಕ್ಕಿಂತ ದೊಡ್ಡದು. ಒಳ್ಳೆ ಮನಸ್ಸಿನಿಂದಲೇ ತಂದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ರಾತ್ರಿ ನಮಗೆ ತೊಂದರೆ ಆಗಿದ್ದು ಪೆಟ್ಟಿಗೆ ಚಿಕ್ಕದಾಗಿದ್ದಕ್ಕಲ್ಲ. ಬೀಗದ ಕೈ ಇರಲಿಲ್ಲ, ಡ್ರೈವರ್ ಇರಲಿಲ್ಲ, ತುಂಡಾದ ಬೆರಳನ್ನು ಏನು ಮಾಡಬೇಕು ಅಂತ ಇಪ್ಪತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆ ಈ ಮೂರರಲ್ಲಿ ಒಂದಕ್ಕೂ ಉತ್ತರ ಅಲ್ಲ ಅಲ್ವಾ. ಕೆಲಸದ ಜಾಗಕ್ಕೆ ಯಾವ ಪ್ರಥಮ ಚಿಕಿತ್ಸೆ ಬೇಕು ಅಂತ ಅಳೆಯುವ ವಿಷಯ ಬಂದಾಗಲೆಲ್ಲ ನಮ್ಮ ಕಡೆ ಆಗುವುದು ಇದೇ. ಅಳೆಯುವುದನ್ನು ಬಿಟ್ಟು ಕೊಳ್ಳುತ್ತೇವೆ.

ಕಾನೂನು ಇಲ್ಲವೇ ಅಂದರೆ, ಇದೆ. 1948ರ ಕಾರ್ಖಾನೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ 150 ಕಾರ್ಮಿಕರಿಗೆ ಕನಿಷ್ಠ ಒಂದು ಪೆಟ್ಟಿಗೆ ಇರಬೇಕಿತ್ತು. ಅದಕ್ಕೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಇರುವ ಒಬ್ಬ ಜವಾಬ್ದಾರರು ಇರಬೇಕಿತ್ತು, ಮತ್ತು ಅವರು ಕೆಲಸದ ವೇಳೆಯಲ್ಲಿ ಸದಾ ಕೈಗೆ ಸಿಗಬೇಕಿತ್ತು. 500ಕ್ಕಿಂತ ಜಾಸ್ತಿ ಜನ ಇದ್ದರೆ ಆಂಬುಲೆನ್ಸ್ ಕೊಠಡಿಯೇ ಬೇಕಿತ್ತು. ನಿಗದಿ ಮಾಡಿದ ಸಾಮಾನು ಬಿಟ್ಟು ಬೇರೆ ಏನನ್ನೂ ಪೆಟ್ಟಿಗೆಯಲ್ಲಿ ಇಡಬಾರದು ಅಂತಲೂ ಬರೆದಿದ್ದರು. ಸ್ಟೇಪ್ಲರ್ ಇಡುವ ಚಾಳಿ ಆಗಲೇ ಇತ್ತು ಅಂತ ಕಾಣುತ್ತದೆ.

ಈಗ ಆ ಕಾಯ್ದೆಯ ಜಾಗಕ್ಕೆ ಹೊಸದು ಬಂದಿದೆ. 2020ರಲ್ಲಿ ಪಾಸಾದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಕಾರ್ಖಾನೆ ಅಂದರೆ ಏನು ಅನ್ನುವ ಲೆಕ್ಕವೇ ಇದರಲ್ಲಿ ಬದಲಾಯಿತು. ಮೊದಲು ಕರೆಂಟ್ ಬಳಸುವ ಕಡೆ 10 ಜನ, ಬಳಸದ ಕಡೆ 20 ಜನ ಇದ್ದರೆ ಅದು ಕಾರ್ಖಾನೆ. ಈಗ ಅದು 20 ಮತ್ತು 40. ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಮಾತು 10 ಮತ್ತು ಅದಕ್ಕೂ ಜಾಸ್ತಿ ಜನರಿರುವ ಸಂಸ್ಥೆಗಳಿಗೆ ಉಳಿದಿದೆ. ಹತ್ತಕ್ಕಿಂತ ಕಡಿಮೆ ಇದ್ದರೆ? ಏಳು ಜನರ ಸಾಮಿಲ್ಲು, ಐದು ಜನರ ವೆಲ್ಡಿಂಗ್ ಶೆಡ್ಡು, ನಾಲ್ಕು ಜನ ಕೆಲಸ ಮಾಡುವ ತೋಟ? ಮಲೆನಾಡಿನಲ್ಲಿ ನೋಡಿದಲ್ಲೆಲ್ಲ ಇಂಥವೇ.

ತೋಟದ ಲೆಕ್ಕ ಇನ್ನೂ ತಮಾಷೆ. 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಹೆಸರಿಟ್ಟು ಹೇಳಿದ ಬೆಳೆಗಳು ಚಹಾ, ಕಾಫಿ, ರಬ್ಬರ್, ಸಿಂಕೋನಾ, ಏಲಕ್ಕಿ. ಅಡಿಕೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದೂ ಐದು ಹೆಕ್ಟೇರ್ ಮತ್ತು ಮೇಲಿನ ಎಸ್ಟೇಟುಗಳ ಮಾತು. ನಮ್ಮ ಕಡೆ ಎರಡು ಎಕರೆ ತೋಟ ಇದ್ದವರು ತಕ್ಕಮಟ್ಟಿಗೆ ಅನುಕೂಲಸ್ಥರು. ಅಂದರೆ ಐವತ್ತು ಅಡಿ ಮರ ಹತ್ತಿ ಒಂದರಿಂದ ಇನ್ನೊಂದಕ್ಕೆ ತೂಗಿ ದಾಟುತ್ತಾ ಅಡಿಕೆ ಕೊನೆ (ಗೊನೆ) ಕೊಯ್ಯುವ ಕೊನೆಗಾರ ಯಾವ ಪಟ್ಟಿಗೂ ಸೇರದವನು. ಇದನ್ನು ಹೇಳುತ್ತಿರುವುದು ಸರ್ಕಾರವನ್ನು ಬೈಯಲು ಅಲ್ಲ. ಎರಡು ಎಕರೆ ತೋಟಕ್ಕೆ ಇನ್ಸ್‌ಪೆಕ್ಟರ್ ಬರುವುದೂ ಇಲ್ಲ, ಬಂದರೆ ಆಗುವುದು ಏನು ಅಂತ ನಮಗೆ ಗೊತ್ತು. ಕಾನೂನು ಬಾರದ ಕಡೆ ಅಳೆಯುವ ಕೆಲಸ ನಮ್ಮದೇ, ಬೇರೆ ದಾರಿ ಇಲ್ಲ.

ಬ್ರಿಟನ್‌ನಲ್ಲಿ 1981ರ ಒಂದು ನಿಯಮ ಇದೆ. ಇಷ್ಟು ಜನಕ್ಕೆ ಇಷ್ಟು ಪೆಟ್ಟಿಗೆ ಅಂತ ಕಟ್ಟುನಿಟ್ಟು ಮಾಡದೆ, ನಿನ್ನ ಕೆಲಸದ ಜಾಗಕ್ಕೆ ಸಾಕಾಗುವಷ್ಟು ಮತ್ತು ಹೊಂದುವಂಥದ್ದು ಇಡು ಅನ್ನುತ್ತದೆ. ಏನು ಸಾಕು, ಏನು ಹೊಂದುತ್ತದೆ ಅನ್ನುವುದನ್ನು ಮಾಲೀಕನೇ ನೋಡಿ ತೀರ್ಮಾನಿಸಬೇಕು. ಮಾತ್ರೆಗಳನ್ನು ಪೆಟ್ಟಿಗೆಯಲ್ಲಿ ಇಡಬೇಡಿ ಅಂತ ಅಲ್ಲಿನ ಸಲಹೆ. ನಮ್ಮಲ್ಲಿ ಉಲ್ಟಾ, ಪೆಟ್ಟಿಗೆ ತೆರೆದರೆ ಮಾತ್ರೆ ಬಿಟ್ಟು ಬೇರೆ ಇರುವುದಿಲ್ಲ.

ಹಾಗಾದರೆ ಅಳೆಯುವುದು ಹೇಗೆ? ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಪೆಟ್ಟಿಗೆಯ ಬಗ್ಗೆಯೇ ಅಲ್ಲ. ಡಾಕ್ಟರ ಕೈಗೆ ತಲುಪಲು ಎಷ್ಟು ನಿಮಿಷ ಬೇಕು ಅಂತ ಕೇಳಬೇಕು. ಕಿಲೋಮೀಟರ್ ಹೇಳಬೇಡಿ. ಮಲೆನಾಡಿನಲ್ಲಿ ಕಿಲೋಮೀಟರಿಗೆ ಅರ್ಥವೇ ಇಲ್ಲ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿಲೋಮೀಟರ್, ಸಾಗರದಿಂದ 70ರ ಹತ್ತಿರ. ಆದರೆ ನಿಮ್ಮ ಕೊನೆಗಾರ ಬಿದ್ದಿರುವುದು ತೀರ್ಥಹಳ್ಳಿ ಪೇಟೆಯಲ್ಲಿ ಅಲ್ಲ. ತೋಟದ ತಗ್ಗಿನಲ್ಲಿ. ಅಲ್ಲಿಂದ ಕಾಲುಸಂಕ ದಾಟಿಸಿ, ಗುಡ್ಡ ಹತ್ತಿಸಿ, ಮನೆ ಅಂಗಳಕ್ಕೆ ತರಲು ಇಪ್ಪತ್ತು ನಿಮಿಷ. ಅಂಗಳದಿಂದ ಡಾಂಬರು ರಸ್ತೆಗೆ ಇನ್ನೊಂದು ಹದಿನೈದು. ಫೋನ್ ಮಾಡಬೇಕೆಂದರೆ ನೆಟ್‌ವರ್ಕ್ ಸಿಗುವ ಕಲ್ಲಿನ ಹತ್ತಿರ ಓಡಬೇಕು. 108ರ ಸೇವೆ 2008ರಿಂದ ಇದೆ, ಎಷ್ಟೋ ಜೀವ ಉಳಿಸಿದೆ. ಆದರೆ ಅವರಿಗೆ ದಾರಿ ಹೇಳಬೇಕಲ್ಲ. "ದೊಡ್ಡ ಮಾವಿನಮರದ ಹತ್ತಿರ ಎಡಕ್ಕೆ" ಅಂದರೆ ಶಿವಮೊಗ್ಗದಿಂದ ಬರುವ ಡ್ರೈವರ್‌ಗೆ ಏನು ಗೊತ್ತಾಗಬೇಕು? ಒಬ್ಬರು ಬೈಕ್ ತೆಗೆದುಕೊಂಡು ಡಾಂಬರು ರಸ್ತೆಯ ಕ್ರಾಸಿಗೆ ಹೋಗಿ ನಿಲ್ಲಬೇಕು. ಯಾರು ಅಂತ ಮೊದಲೇ ಮಾತಾಗಿರಬೇಕು.

ತುಮರಿ ಕಡೆಯವರಿಗೆ ಈ ನಿಮಿಷದ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ನಿಂತಾಗಿನಿಂದ ಅವರು ಸಾಗರಕ್ಕೆ ಬರಬೇಕೆಂದರೆ ಲಾಂಚ್ ಕಾಯಬೇಕಿತ್ತು. ರಾತ್ರಿ ಲಾಂಚ್ ಇಲ್ಲ ಅಂದರೆ ಇಲ್ಲ. ಹೊಳೆ ದಾಟಲು ಬೆಳಗಾಗಬೇಕು, ಇಲ್ಲವೇ ಕಾಡಿನ ದಾರಿಯಲ್ಲಿ ಸುತ್ತು ಹೊಡೆಯಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು, ಎರಡು ಕಿಲೋಮೀಟರಿಗೂ ಉದ್ದದ್ದು. ಜನ ಸಿಗಂದೂರಿಗೆ ಹೋಗುವುದು ಸಲೀಸಾಯಿತು ಅಂತ ಫೋಟೋ ಹಾಕಿದರು. ನನಗೆ ಮಾತ್ರ ಅನ್ನಿಸಿದ್ದು, ಆ ಹೋಬಳಿಯ ಪ್ರತಿ ತೋಟ, ಪ್ರತಿ ಅಂಗಡಿ, ಪ್ರತಿ ಶಾಲೆಯ ಅಪಾಯದ ಲೆಕ್ಕ ಆ ಒಂದು ದಿನದಲ್ಲಿ ಬದಲಾಯಿತು ಅಂತ. ಪೆಟ್ಟಿಗೆ ಅದೇ, ಜನ ಅವರೇ, ಹಾವು ಅದೇ. ನಿಮಿಷ ಬೇರೆ.

ಉಲ್ಟಾ ಕೂಡ ಆಗುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದರೆ ಮಣಿಪಾಲದ ದಾರಿ ಕಟ್ಟಾಯಿತು. ಬೇಸಿಗೆಯಲ್ಲಿ ಮಾಡಿದ ಲೆಕ್ಕ ಆಷಾಢಕ್ಕೆ ನಡೆಯುವುದಿಲ್ಲ. ಹಾಗಾಗಿ ವರ್ಷಕ್ಕೆ ಒಂದೇ ಸಲ ಅಳೆದು ಫೈಲಿಗೆ ಹಾಕುವುದು ನಮ್ಮ ಊರಿಗೆ ಸುಮ್ನೆ ಕಾಗದದ ಕೆಲಸ.

ನಿಮಿಷ ಗೊತ್ತಾದ ಮೇಲೆ ಅಪಾಯಗಳನ್ನು ಅದರ ಪಕ್ಕ ಇಟ್ಟು ನೋಡಬೇಕು. ಕೆಲವು ಅಪಾಯ ಕಾಯುತ್ತವೆ, ಕೆಲವು ಕಾಯುವುದಿಲ್ಲ. ಹೃದಯ ನಿಂತವರಿಗೆ ಎದೆ ಒತ್ತುವುದು ಶುರುವಾಗದಿದ್ದರೆ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತದೆ. ಯಾವ 108 ಕೂಡ ನಿಮ್ಮ ಪಂಪ್‌ಹೌಸಿಗೆ ಐದು ನಿಮಿಷದಲ್ಲಿ ಬರುವುದಿಲ್ಲ, ಬೆಂಗಳೂರಿನಲ್ಲೂ ಬರುವುದಿಲ್ಲ. ಹಾಗಾದರೆ ಕರೆಂಟ್ ಹೊಡೆಯುವ ಸಾಧ್ಯತೆ ಇರುವ ಪ್ರತಿ ಜಾಗದಲ್ಲೂ ಎದೆ ಒತ್ತಲು ಕಲಿತವರು ಒಬ್ಬರಾದರೂ ಬೇಕು. ಎದೆಯ ನಡುವೆ, ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಒಳಗೆ ಹೋಗುವಷ್ಟು. ಇದಕ್ಕೆ ಪೆಟ್ಟಿಗೆಯಲ್ಲಿ ಏನೂ ಬೇಕಾಗಿಲ್ಲ, ಎರಡು ಕೈ ಸಾಕು. ಆದರೆ ಓದಿ ಬರುವ ವಿದ್ಯೆ ಅಲ್ಲ, ಬೊಂಬೆ ಮೇಲೆ ಒತ್ತಿ ಕಲಿಯಬೇಕು.

ಕರೆಂಟಿನ ವಿಷಯ ಬಂತು, ಹೇಳಿಬಿಡುತ್ತೇನೆ. ಮರ ಹತ್ತುವವರು ಸಿಗುತ್ತಿಲ್ಲ ಅಂತ ಈಗ ಎಲ್ಲರೂ ದೋಟಿಗೆ, ಅಂದರೆ ಕೊಯ್ಯುವ ಉದ್ದ ಕೋಲಿಗೆ ಬಂದಿದ್ದಾರೆ. ಕೆಳಗೆ ನಿಂತೇ ಕೊನೆ ಕೊಯ್ಯಬಹುದು, ಬೀಳುವ ಭಯ ಇಲ್ಲ. ಒಳ್ಳೆಯದೇ. ಆದರೆ ಅರವತ್ತು ಅಡಿ ಉದ್ದದ ದೋಟಿ ತೋಟದ ಮೇಲೆ ಹಾದ ಲೈನಿಗೆ ತಾಗಿದರೆ? ಅಲ್ಯೂಮಿನಿಯಂ ಆದರಂತೂ ಹೇಳುವುದೇ ಬೇಡ, ಕಾರ್ಬನ್ ಫೈಬರ್ ಕೂಡ ಕರೆಂಟ್ ಹರಿಸುತ್ತದೆ, ಫೈಬರ್ ಅನ್ನುವ ಹೆಸರು ನಂಬಿ ಮೋಸ ಹೋಗಬೇಡಿ. ಒಂದು ಅಪಾಯ ಹೋಗಿ ಇನ್ನೊಂದು ಬಂತು, ಆದರೆ ನಾವು ಹಳೆಯ ಅಪಾಯಕ್ಕೇ ತಯಾರಾಗಿ ಕೂತಿದ್ದೇವೆ. ದೊಡ್ಡ ಲೈನ್ ತಾಗಿದ್ದರೆ ಒಣ ಕೋಲು ಹಿಡಿದು ಬಿಡಿಸಲು ಹೋಗುವುದು ಸಿನಿಮಾದ ಸಾಹಸ. ಹೋದವರೂ ಉಳಿಯುವುದಿಲ್ಲ. ದೂರ ನಿಂತು ಕರೆಂಟ್ ಕಂಪನಿಯ 1912ಕ್ಕೆ ಫೋನ್ ಮಾಡಿ ಲೈನ್ ತೆಗೆಸಬೇಕು. ತೋಟದಲ್ಲಿ ಲೈನ್ ಎಲ್ಲೆಲ್ಲಿ ಹಾದಿದೆ ಅಂತ ಕೊಯ್ಲಿಗೆ ಬಂದವರಿಗೆ ಮೊದಲ ದಿನವೇ ತೋರಿಸುವುದು ಎಲ್ಲ ಬ್ಯಾಂಡೇಜಿಗಿಂತ ದೊಡ್ಡ ಕೆಲಸ.

ಅಡಿಕೆ ತೋಟದ ಕೆಲಸ ತಿಂಗಳಿಗೊಂದು ಬಣ್ಣ ಬದಲಿಸುತ್ತದೆ, ಅಪಾಯವೂ ಹಾಗೇ. ಮಳೆ ಹಿಡಿಯಿತು ಅಂದರೆ ಅಡಿಕೆಯ ಕೊಳೆರೋಗಕ್ಕೆ ಔಷಧಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಬೋರ್ಡೋ ದ್ರಾವಣ ಅಂದರೆ ಎಷ್ಟೋ ಮನೆಯಲ್ಲಿ ಅದು ಅಡುಗೆಯಷ್ಟೇ ಸಲೀಸು, ಬರಿಗೈಯಲ್ಲೇ ಕಲಸುತ್ತಾರೆ. ಸುಣ್ಣ ಕಣ್ಣಿಗೆ ಬಿದ್ದರೆ ಒಳಗೊಳಗೇ ಸುಡುತ್ತಾ ಹೋಗುತ್ತದೆ. ಆಗ ಬೇಕಾದ್ದು ನೀರು, ಧಾರಾಳ ನೀರು, ಕಣ್ಣು ಬಿಡಿಸಿ ಹಿಡಿದು ಇಪ್ಪತ್ತು ನಿಮಿಷವಾದರೂ ಸುರಿಯಬೇಕು, ಕಣ್ಣಲ್ಲಿ ಕಾಳು ಉಳಿದಿದ್ದರೆ ಅದನ್ನೂ ತೊಳೆದು ತೆಗೆಯಬೇಕು, ಆಮೇಲೆ ಡಾಕ್ಟರು. ಮೈಮೇಲೆ ಸುಣ್ಣದ ಪುಡಿ ಬಿದ್ದಿದ್ದರೆ ಮೊದಲು ಒಣಗಿದ್ದಾಗಲೇ ಝಾಡಿಸಿ ತೆಗೆದು ಆಮೇಲೆ ನೀರು ಸುರಿಯಬೇಕು. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕೇ? ಹಾಗಾಗಿ ಔಷಧಿ ಕಲಸುವ ಡ್ರಮ್ಮಿನ ಪಕ್ಕ ಒಂದು ಕೊಡ ಒಳ್ಳೆ ನೀರು ಬೇರೆಯೇ ಇಟ್ಟಿರಬೇಕು. ಇಷ್ಟು ಮಳೆ ಬೀಳುವ ಊರಲ್ಲಿ ನೀರು ಇಡಿ ಅಂತ ಹೇಳುವುದು ನಗೆಯ ಮಾತು ಅನ್ನಿಸಬಹುದು. ಆ ಗಳಿಗೆಯಲ್ಲಿ ಹತ್ತಿರ ಇರುವುದು ಔಷಧಿ ಕಲಸಿದ ಬಕೆಟ್ಟು ಮಾತ್ರ, ಒಮ್ಮೆ ನೋಡಿ ಬೇಕಾದರೆ.

ದೀಪಾವಳಿ ಆಚೆಗೆ ಕೊಯ್ಲು, ಸುಲಿತ, ಬೇಯಿಸುವುದು. ಮರದಿಂದ ಬಿದ್ದವರನ್ನು ನಮ್ಮ ಕಡೆ ತಕ್ಷಣ ಎತ್ತಿ ಕೂರಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನೀರು ಕುಡಿಸುತ್ತಾರೆ, ಬೆನ್ನು ತಟ್ಟುತ್ತಾರೆ. ಬೆನ್ನುಮೂಳೆ ಮುರಿದಿದ್ದರೆ ಆ ಎತ್ತುವುದರಲ್ಲೇ ಕಾಲು ಶಾಶ್ವತವಾಗಿ ಹೋಗಬಹುದು. ಬಿದ್ದಲ್ಲೇ ಮಲಗಿರಲಿ, ತಲೆ ಅಲುಗದಂತೆ ಒಬ್ಬರು ಹಿಡಿದಿರಲಿ, ಉಸಿರಾಟ ನೋಡುತ್ತಿರಲಿ. ಆದರೆ ಇಲ್ಲೊಂದು ತಕರಾರು ಇದೆ. ಈ ಪುಸ್ತಕದ ಮಾತು ಆಂಬುಲೆನ್ಸ್ ಪಕ್ಕಕ್ಕೇ ಬರುವ ಊರಿನದು. ತಗ್ಗಿನ ತೋಟದಿಂದ ಹೊತ್ತು ತರಲೇಬೇಕಲ್ಲ? ಆಗ ಅಗಲದ ಹಲಗೆ ಬೇಕು, ಕಟ್ಟಲು ಪಂಚೆಯೋ ಹಗ್ಗವೋ ಬೇಕು, ದೇಹ ತಿರುಚದಂತೆ ಒಟ್ಟಿಗೇ ಹೊರಳಿಸಲು ನಾಲ್ಕೈದು ಜನ ಬೇಕು. ಮನೆಯಲ್ಲಿ ಹಲಗೆ ಇರುತ್ತದೆ, ಅಟ್ಟದ ಮೇಲೆ, ಅದರ ಮೇಲೆ ಹತ್ತು ವರ್ಷದ ಸಾಮಾನು. ಕೊಯ್ಲಿನ ತಿಂಗಳಲ್ಲಿ ಅದು ಕೆಳಗಿರಲಿ. ನಾನು ಅಳೆಯುವುದು ಅನ್ನುತ್ತಿರುವುದು ಇಂಥದ್ದನ್ನೇ.

ಹಂಡೆಯ ಚೊಗರು, ಅಂದರೆ ಅಡಿಕೆ ಬೇಯುವ ನೀರು, ಮೈಮೇಲೆ ಚೆಲ್ಲಿದರೆ ಹರಿಯುವ ತಣ್ಣೀರು ಇಪ್ಪತ್ತು ನಿಮಿಷ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಬಾಳೆದಿಂಡಿನ ರಸ ಬೇಡ. ಇನ್ನು ಬೆರಳಿನ ತುಂಡು. ಅದನ್ನು ಚೊಕ್ಕ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ಇನ್ನೊಂದು ಕವರಿನಲ್ಲಿ ಇಡಬೇಕು. ತುಂಡಿಗೆ ನೇರವಾಗಿ ಐಸ್ ತಾಗಬಾರದು. ರೋಗಿಯ ಜೊತೆಗೇ ಕಳಿಸಬೇಕು. ಎರಡು ಪ್ಲಾಸ್ಟಿಕ್ ಕವರು, ಖೇಣಿ ಮನೆಯಲ್ಲಿ ಅದಕ್ಕೆ ಬರ ಇತ್ತೇ? ಆ ಹುಡುಗನ ಬೆರಳು ಮತ್ತೆ ಕೂರುತ್ತಿತ್ತೋ ಇಲ್ಲವೋ ನಾನು ಹೇಳಲಾರೆ, ತುದಿ ಜಜ್ಜಿ ಹೋಗಿದ್ದರೆ ಕಷ್ಟವೇ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ನಾವು ಸಿಪ್ಪೆ ರಾಶಿಯಲ್ಲಿ ಬಿಟ್ಟು ಹೋಗಿ ಆ ಮಾತಿಗೇ ಜಾಗ ಇಲ್ಲದಂತೆ ಮಾಡಿದೆವು.

ಸಂಕ್ರಾಂತಿ ದಾಟಿದರೆ ದರಕು (ಒಣಗಿದ ಎಲೆ) ಗುಡಿಸುವ ಕಾಲ, ಸೊಪ್ಪಿನ ಬೆಟ್ಟಕ್ಕೆ ಹೋಗುವ ಕಾಲ. ಉಣುಗಿನ, ಅಂದರೆ ಕಾಡಿನ ಉಣ್ಣೆಯ ಕಾಲವೂ ಅದೇ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಜನ ಹೋದರು ಅನ್ನುವುದನ್ನು ನಾವು ಮರೆತಿಲ್ಲ. ಇದಕ್ಕೆ ಬ್ಯಾಂಡೇಜ್ ಏನು ಮಾಡೀತು? ಉಣುಗು ಕಚ್ಚಿ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ, ಅಷ್ಟರಲ್ಲಿ ಆ ಆಳು ಬೇರೆ ಮನೆಯ ಕೆಲಸದಲ್ಲಿ ಇರುತ್ತಾರೆ. ಇಲ್ಲಿ ಪ್ರಥಮ ಚಿಕಿತ್ಸೆ ಅಂದರೆ ಒಂದು ನೋಟ್‌ಬುಕ್. ಯಾರು ಯಾವ ದಿನ ಬೆಟ್ಟಕ್ಕೆ ಹೋಗಿದ್ದರು, ಯಾರಿಗೆ ಜ್ವರ ಬಂತು. ಜ್ವರ ಅಂದ ತಕ್ಷಣ ಮೆಡಿಕಲ್ ಸ್ಟೋರ್ ಮಾತ್ರೆ ನುಂಗಿಸಿ ಕೆಲಸಕ್ಕೆ ಕರೆಯದೆ ಆಸ್ಪತ್ರೆಗೆ ಕಳಿಸಿ, ಬೆಟ್ಟಕ್ಕೆ ಹೋಗಿದ್ದರು ಅಂತ ಡಾಕ್ಟರಿಗೆ ಹೇಳುವುದು. ಹೋಗುವ ಮೊದಲು ಉಣುಗು ತಡೆಯುವ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಬೇರೆ.

ಹಾವು ಮಾತ್ರ ಎಲ್ಲ ಕಾಲಕ್ಕೂ ಇದೆ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆ ಅಂತ ಮಾಡಿತು, ಅಂದರೆ ಆಸ್ಪತ್ರೆಗಳು ಪ್ರತಿ ಕೇಸನ್ನೂ ವರದಿ ಮಾಡಬೇಕು. ಕಚ್ಚಿದ ಕಡೆ ಹಗ್ಗ ಬಿಗಿಯುವುದು, ಬ್ಲೇಡಿನಿಂದ ಗೀರುವುದು, ಬಾಯಿಟ್ಟು ಹೀರುವುದು, ಈ ಮೂರೂ ಕೆಟ್ಟದ್ದನ್ನೇ ಮಾಡುತ್ತವೆ. ಉಂಗುರ, ಕಾಲುಂಗುರ ತೆಗೆದು, ಕಡಿದ ಕೈಯೋ ಕಾಲೋ ಅಲುಗದಂತೆ ದಬ್ಬೆ ಇಟ್ಟು ಸಡಿಲವಾಗಿ ಕಟ್ಟಿ, ನಡೆಸದೆ ಹೊತ್ತು, ಕಡಿದ ಹೊತ್ತು ಎಷ್ಟು ಅಂತ ನೋಡಿಕೊಂಡು ಹೊರಡಬೇಕು. ನಮ್ಮಲ್ಲಿ ಸಿಗುವ ವಿಷನಿರೋಧಕ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದ ಕಾಡಿನ ಗುಳಿಮಂಡಲಗಳಿಗೆ ಅದು ಮಾಡಿದ್ದಲ್ಲ. ಹಾಗಂತ ಹಾವನ್ನು ಹೊಡೆದು ಚೀಲದಲ್ಲಿ ತರಲು ಹೋಗಬೇಡಿ, ಇನ್ನೊಬ್ಬರಿಗೆ ಕಚ್ಚೀತು. ನಾಟಿ ವೈದ್ಯರ ಬಗ್ಗೆ ಕೇಳಿದರೆ, ನನ್ನ ಅಜ್ಜಿಗೂ ಮದ್ದು ಗೊತ್ತಿತ್ತು, ಅಗೌರವ ಇಲ್ಲ. ಆದರೆ ವಿಷದ ಹಾವಿಗೆ ಅಲ್ಲಿ ಕಳೆಯುವ ಒಂದು ಗಂಟೆಯೇ ಆಸ್ಪತ್ರೆಯಲ್ಲಿ ಕಡಿಮೆ ಬೀಳುವ ಗಂಟೆ. ಲೆಕ್ಕ ಹಾಕುವಾಗ ಯಾವ ಆಸ್ಪತ್ರೆ ಹತ್ತಿರ ಅಂತ ನೋಡಿದರೆ ಸಾಲದು, ಯಾವುದರಲ್ಲಿ ಈ ಔಷಧಿ ಇವತ್ತು ಇದೆ ಅಂತ ಮೊದಲೇ ವಿಚಾರಿಸಿ ನಂಬರ್ ಬರೆದಿಡಬೇಕು.

ಇನ್ನು ಶಿವಮೊಗ್ಗ ಪೇಟೆಯ ಕಡೆ ಬರೋಣ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಕಾದ ಕಬ್ಬಿಣ ಇದೆ, ಅಲ್ಲಿನ ಅಪಾಯ ಎಲ್ಲರ ಕಣ್ಣಿಗೂ ಕಾಣುತ್ತದೆ, ದೊಡ್ಡ ಕಂಪನಿಗಳಲ್ಲಿ ವ್ಯವಸ್ಥೆಯೂ ಇರುತ್ತದೆ. ನನಗೆ ಜಾಸ್ತಿ ಚಿಂತೆ ಗಾಂಧಿ ಬಜಾರಿನ ಅಂಗಡಿಗಳದ್ದು, ಬ್ಯಾಂಕಿನದ್ದು, ಕಚೇರಿಗಳದ್ದು. ಇಲ್ಲೇನಾಗುತ್ತೆ ಮಾರಾಯ್ರೆ, ಕುರ್ಚಿ ಮೇಲೆ ಕೂತಿರ್ತೀವಿ ಅಂತಾರೆ. ಕುರ್ಚಿ ಮೇಲೆ ಕೂತವರಿಗೇ ಎದೆ ಹಿಡಿಯುವುದು. ಬೆವರು ಕಿತ್ತು ಬಂದು, ಎಡಗೈ ಭಾರ ಆಗಿ, ಆದರೂ "ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಸೋಡಾ ಕುಡಿದು ಒಂದು ಗಂಟೆ ಕಳೆಯುವವರು ಎಷ್ಟು ಜನ! ಮೆಗ್ಗಾನ್ ಆಸ್ಪತ್ರೆ ಹತ್ತು ನಿಮಿಷದ ದಾರಿ ಇದ್ದರೂ ಆ ಒಂದು ಗಂಟೆ ವಾಪಸ್ ಬರುವುದಿಲ್ಲ. ತೋಟದಲ್ಲಿ ನಿಮಿಷ ತಿನ್ನುವುದು ರಸ್ತೆ. ಪೇಟೆಯಲ್ಲಿ ನಿಮಿಷ ತಿನ್ನುವುದು ಸಂಕೋಚ.

ಎಣಿಸುವುದರಲ್ಲೂ ತಪ್ಪುತ್ತೇವೆ. ನಿಮ್ಮಲ್ಲಿ ಎಷ್ಟು ಜನ ಅಂದರೆ ಹಾಜರಿ ಪುಸ್ತಕದ ಸಂಖ್ಯೆ ಹೇಳುತ್ತಾರೆ. ಗುತ್ತಿಗೆಯವರು, ಲಾರಿ ಲೋಡ್ ಮಾಡಲು ಬಂದ ಹಮಾಲರು, ಬೆಳಿಗ್ಗೆ ಆರಕ್ಕೇ ಬಂದು ಗುಡಿಸುವ ಹೆಂಗಸು ಲೆಕ್ಕದಲ್ಲಿ ಇರುವುದಿಲ್ಲ. ಆಕೆ ಒಬ್ಬಳೇ ಇರುತ್ತಾಳೆ, ಒದ್ದೆ ನೆಲದ ಮೇಲೆ, ಮೆಟ್ಟಿಲ ಹತ್ತಿರ. ಜಾರಿ ಬಿದ್ದರೆ ಗೊತ್ತಾಗುವುದು ಎಂಟೂವರೆಗೆ ಕ್ಲರ್ಕ್ ಬಂದಾಗ. ಒಬ್ಬರೇ ಇರುವ ಕೆಲಸಕ್ಕೆ ಪೆಟ್ಟಿಗೆ ಎಷ್ಟಿದ್ದು ಏನು ಪ್ರಯೋಜನ? ಅರ್ಧ ಗಂಟೆಗೊಮ್ಮೆ ಒಂದು ಫೋನ್ ಕಾಲ್ ಸಾಕು ಅಲ್ಲಿ. ಈಗ ಸಾಮಿಲ್ಲು, ತೋಟ, ಕಟ್ಟಡ ಎಲ್ಲ ಕಡೆ ಉತ್ತರ ಭಾರತದ ಹುಡುಗರು ಇದ್ದಾರೆ. ಗೋಡೆಗೆ ಅಂಟಿಸಿದ ಕನ್ನಡದ ಸೂಚನೆ ಅವರಿಗೆ ಬರೀ ಚಿತ್ತಾರ. ನನಗೆ ಕನ್ನಡದ ಅಭಿಮಾನ ಕಮ್ಮಿ ಇಲ್ಲ, ಆದರೆ ರಕ್ತ ಸುರಿಯುವಾಗ ಚಿತ್ರ ಬಿಡಿಸಿದ ಹಾಳೆ ಎಲ್ಲರಿಗೂ ಅರ್ಥ ಆಗುತ್ತದೆ. ಸರ್ಟಿಫಿಕೇಟ್ ಇರುವವರು ಒಬ್ಬರೇ ಇದ್ದು ಅವರು ಹಗಲು ಪಾಳಿಯಲ್ಲಿ ಇದ್ದರೆ ರಾತ್ರಿ ಪಾಳಿಗೆ ಪ್ರಥಮ ಚಿಕಿತ್ಸೆ ಇಲ್ಲ ಅಂತಲೇ ಅರ್ಥ. ಅವರು ಮದುವೆಗೆ ರಜೆ ಹಾಕಿದ ದಿನವೂ ಅಷ್ಟೇ.

ಇವೆಲ್ಲ ತಲೆಯಲ್ಲಿ ಊಹಿಸಿ ಬರೆಯುವಂಥದ್ದಲ್ಲ. ಅಲ್ಲಿ ಕೆಲಸ ಮಾಡುವವರನ್ನು ಕೇಳಬೇಕು: ಹೋದ ವರ್ಷ ಏನೇನಾಯಿತು, ಸ್ವಲ್ಪದರಲ್ಲಿ ಏನೇನು ತಪ್ಪಿತು? ಎರಡನೆಯದೇ ಮುಖ್ಯ. ಆ ಖೇಣಿ ಮನೆಯಲ್ಲಿ ಹುಡುಗನ ಬೆರಳು ಹೋಗುವ ಮೊದಲು ಅದೇ ಮೆಷಿನ್ನಿಗೆ ಒಬ್ಬಾಕೆಯ ಸೆರಗು ಸಿಕ್ಕಿತ್ತು, ಇನ್ನೊಬ್ಬನ ಅಂಗಿ ತೋಳು ಹರಿದಿತ್ತು. ಆಮೇಲೆ ಗೊತ್ತಾಯಿತು. ಮೊದಲು ಯಾರೂ ಹೇಳಿರಲಿಲ್ಲ, ಯಾಕೆಂದರೆ ಹೇಳಿದರೆ ಬೈಗುಳ ಬೀಳುತ್ತಿತ್ತು. ಬೈಯುವ ಮಾಲೀಕನ ಹತ್ತಿರ ಅಪಘಾತದ ಪುಸ್ತಕ ಯಾವಾಗಲೂ ಖಾಲಿ ಇರುತ್ತದೆ. ಖಾಲಿ ಪುಸ್ತಕ ತೋರಿಸಿ ನಮ್ಮಲ್ಲಿ ಏನೂ ಆಗಿಲ್ಲ ಅನ್ನುತ್ತಾರೆ.

ಪ್ರಥಮ ಚಿಕಿತ್ಸೆಗೂ ಒಂದು ಮಿತಿ ಇದೆ ಅನ್ನುವುದನ್ನು ಇಲ್ಲೇ ಹೇಳಬೇಕು. 2021ರ ಜನವರಿ 21ರ ರಾತ್ರಿ ಹುಣಸೋಡಿನಲ್ಲಿ ಕ್ವಾರಿಯ ಸ್ಫೋಟಕ ಸಿಡಿದಾಗ ಶಿವಮೊಗ್ಗದವರು ಭೂಕಂಪ ಅಂದುಕೊಂಡು ಬೀದಿಗೆ ಬಂದರು. ಅಂಥ ಜಾಗಕ್ಕೆ ಪೆಟ್ಟಿಗೆ ಇಟ್ಟು ಏನು ಮಾಡುವುದು? ಕೆಲವು ಅಪಾಯ ಅಳೆದಾಗ ಬರುವ ಉತ್ತರ, ಈ ಕೆಲಸ ಹೀಗೆ ನಡೆಯಕೂಡದು ಅಂತ. ಆ ಸುಲಿಯುವ ಮೆಷಿನ್ನಿನದ್ದೂ ಚಿಕ್ಕ ಮಟ್ಟದಲ್ಲಿ ಅದೇ. ಬೆಲ್ಟಿಗೆ ಒಂದು ತಗಡಿನ ಮುಚ್ಚಳ, ಕೈಗೆ ಎಟುಕುವ ಕಡೆ ಒಂದು ಸ್ವಿಚ್ಚು ಇದ್ದಿದ್ದರೆ ನಾನು ಇವತ್ತು ಈ ಕಥೆ ಬರೆಯುತ್ತಿರಲಿಲ್ಲ. ಇದಕ್ಕೆಲ್ಲ ಆಗುವ ಖರ್ಚು ಒಂದು ಕ್ವಿಂಟಲ್ ರಾಶಿ ಅಡಿಕೆಯ ಬೆಲೆಯಲ್ಲಿ ಒಂದು ಸಣ್ಣ ಪಾಲು.

ಈ ಸಲದ ಕೊಯ್ಲಿಗೆ ಮತ್ತೆ ಅದೇ ಮನೆಗೆ ಲೆಕ್ಕಕ್ಕೆ ಹೋಗಿದ್ದೆ. ಮುಚ್ಚಳ ಬಂದಿದೆ, ಸ್ವಿಚ್ಚು ಬಂದಿದೆ. ಪೆಟ್ಟಿಗೆಯನ್ನು ಆಫೀಸಿನಿಂದ ಮೆಷಿನ್ ಪಕ್ಕದ ಕಂಬಕ್ಕೆ ತಂದಿದ್ದಾರೆ, ಬೀಗ ಇಲ್ಲ. ಮುಚ್ಚಳದ ಒಳಗೆ ಆಸ್ಪತ್ರೆಯ ನಂಬರ್, ಎರಡು ಡ್ರೈವರುಗಳ ನಂಬರ್ ಅಂಟಿಸಿದ್ದಾರೆ. ತೆರೆದು ನೋಡಿದೆ. ಬಟ್ಟೆ ಇತ್ತು, ಗಾಜ್ ಇತ್ತು, ಮಳೆಗಾಲದಲ್ಲಿ ಬೂಸ್ಟು ಹಿಡಿದ ಹತ್ತಿಯನ್ನು ಬದಲಿಸಿದ್ದರು, ಎರಡು ಪ್ಲಾಸ್ಟಿಕ್ ಕವರು ಮಡಿಸಿ ಇಟ್ಟಿದ್ದರು. ಕತ್ತರಿ ಮಾತ್ರ ಕಾಣಲಿಲ್ಲ. ಕೇಳಿದೆ. ಗೋಣಿಚೀಲದ ಬಾಯಿ ಬಿಚ್ಚಲು ಯಾರೋ ತೆಗೆದುಕೊಂಡು ಹೋಗಿದ್ದಾರಂತೆ, ಈಗ ತರ್ತಾರೆ ಅಂದರು.